ಮುಂದೂಡಿದ ತರಬೇತಿ, ಕಾಯದ ಋತು

2020ರ ಮಾರ್ಚ್ ತಿಂಗಳ ಮೂರನೆಯ ವಾರ. ನಗರ ಇನ್ನೂ ಪೂರ್ತಿಯಾಗಿ ಬಾಗಿಲು ಹಾಕಿರಲಿಲ್ಲ. ಟಾಲಿಗಂಜಿನ ನಮ್ಮ ಮನೆಗೆ ಅಡುಗೆ ಕೆಲಸಕ್ಕಾಗಿ ಲಕ್ಷ್ಮೀಕಾಂತಪುರದ ಲೋಕಲ್ ರೈಲಿನಲ್ಲಿ ಬರುತ್ತಿದ್ದ ಮಾಸಿ ಒಂದು ಬೆಳಿಗ್ಗೆ ಸೆರಗಿಗೆ ಕೈ ಒರೆಸಿಕೊಂಡು ಮೊಬೈಲನ್ನು ನನ್ನ ಮುಂದೆ ಹಿಡಿದರು. ಸುಂದರಬನದ ಪಾಥರ್‌ಪ್ರತಿಮಾ ಕಡೆಯ ಒಂದು ದ್ವೀಪದಲ್ಲಿದ್ದ ಅವರ ತಂಗಿಯ ಮಗನಿಗೆ ಬಂದ ಸಂದೇಶ ಅದು. ಸಂದೇಶ ಇಂಗ್ಲಿಷಿನಲ್ಲಿತ್ತು. ಏಪ್ರಿಲ್ ಎರಡನೆಯ ವಾರದಲ್ಲಿ ಆರಂಭವಾಗಬೇಕಿದ್ದ, ಸೌರವಿದ್ಯುತ್ ಉಪಕರಣಗಳ ಜೋಡಣೆ ಮತ್ತು ದುರಸ್ತಿಯ ಒಂದು ತಿಂಗಳ ತರಬೇತಿಯನ್ನು ಮುಂದಿನ ಸೂಚನೆಯವರೆಗೆ ಮುಂದೂಡಲಾಗಿದೆ ಎಂಬುದು ಅದರ ಸಾರಾಂಶ.

"ಮುಂದಕ್ಕೆ ಹಾಕಿದ್ದಾರೆ ಮಾಸಿ. ರೋಗ ಕಡಿಮೆಯಾದ ಮೇಲೆ ಕರೆಯುತ್ತಾರಂತೆ" ಎಂದೆ.

"ಕಡಿಮೆಯಾಗುವುದು ಯಾವಾಗ ದಾದಾ? ಬೈಶಾಖ ಕಳೆದರೆ ಬಿರುಗಾಳಿ, ಅದಾದ ಮೇಲೆ ನಾಟಿ. ಆಗ ಅವನು ಹೇಗೆ ಬಂದಾನು?" ಎಂದರು.

ಅದನ್ನು ನಾನು ಆಗ ಮನೆಯ ಕಷ್ಟದ ಮಾತೆಂದು ಮಾತ್ರ ಕೇಳಿಸಿಕೊಂಡೆ. ಅದು ತರಬೇತಿಯ ಯೋಜನೆಯನ್ನೇ ಕುರಿತ ಪ್ರಶ್ನೆ ಎಂದು ಹೊಳೆದದ್ದು ಎಷ್ಟೋ ಕಾಲದ ಮೇಲೆ, ಉತ್ತರ ಧ್ರುವದ ಸುತ್ತಲಿನ ಹಳ್ಳಿಗಳ ವಿದ್ಯುತ್ತಿನ ಬಗ್ಗೆ ಓದುತ್ತಿದ್ದಾಗ. ಅಲ್ಲಿಯೂ ಇಂಥದೇ ಒಂದು ತರಬೇತಿ ಸಾಂಕ್ರಾಮಿಕದ ದೆಸೆಯಿಂದ ಮುಂದಕ್ಕೆ ಹೋಗಿತ್ತು. ಹಿಮದ ಸೀಮೆಗೂ ಗಂಗೆಯ ಮುಖಜಭೂಮಿಗೂ ಏನು ಸಂಬಂಧ ಎಂದು ಓದುಗರಿಗೆ ಅನ್ನಿಸಬಹುದು. ಈ ಬರೆಹದ ವಾದವಿರುವುದು ಆ ಸಂಬಂಧದಲ್ಲೇ.

ಆರ್ಕ್‌ಟಿಕ್ ವಲಯದ ಎಂಟು ದೇಶಗಳೂ ಅಲ್ಲಿನ ಮೂಲನಿವಾಸಿಗಳ ಆರು ಸಂಘಟನೆಗಳೂ ಸೇರಿರುವ ಆರ್ಕ್‌ಟಿಕ್ ಪರಿಷತ್ತಿನಲ್ಲಿ ಭಾರತವು 2013ರಿಂದ ವೀಕ್ಷಕ ರಾಷ್ಟ್ರ. ಈ ಪರಿಷತ್ತಿನ ಆಶ್ರಯದಲ್ಲಿ, ಗ್ವಿಚಿನ್ ಜನರ ಸಂಘಟನೆಯೂ ಕೈಗೂಡಿಸಿ, 'ಅರೀನಾ' ಎಂಬ ತರಬೇತಿಯೊಂದು ರೂಪುಗೊಂಡಿತು. ದೂರದೂರದ ಹಳ್ಳಿಗಳಲ್ಲಿ ವಿದ್ಯುತ್ತಿನ ಹೊಣೆ ಹೊತ್ತವರನ್ನು ಒಂದೆಡೆ ಸೇರಿಸಿ, ತಮ್ಮಂಥದೇ ಇನ್ನೊಂದು ಹಳ್ಳಿಯ ವ್ಯವಸ್ಥೆಯನ್ನು ಕಣ್ಣಾರೆ ತೋರಿಸಿ ಕಲಿಸುವುದು ಅದರ ಕ್ರಮ. ದೂರದಿಂದಲೇ ಹೇಳಬಹುದಾದ ಪಾಠ, ಸ್ಥಳಕ್ಕೆ ಹೋಗಿ ನೋಡಲೇಬೇಕಾದ ಪಾಠ ಎರಡೂ ಅದರಲ್ಲಿವೆ. ಸಾಂಕ್ರಾಮಿಕ ಬಂದಾಗ ಈ ಎರಡನೆಯದಕ್ಕೆ ದಾರಿ ಮುಚ್ಚಿತು.

ಆ ಹಳ್ಳಿಗಳ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಅಲಾಸ್ಕಾ ಮತ್ತು ಉತ್ತರ ಕೆನಡಾದ ಬಹುಪಾಲು ಸಣ್ಣ ಊರುಗಳಿಗೆ ದೇಶದ ವಿದ್ಯುತ್ ಜಾಲದ ತಂತಿ ತಲುಪಿಲ್ಲ. ಪ್ರತಿಯೊಂದು ಊರಿಗೂ ತನ್ನದೇ ಡೀಸೆಲ್ ಜನರೇಟರ್. ಆ ಡೀಸೆಲ್ ಬೇಸಿಗೆಯಲ್ಲಿ ನೀರು ಕರಗಿದ ಕೆಲವೇ ವಾರಗಳಲ್ಲಿ ದೋಣಿಯಲ್ಲಿ ಬರಬೇಕು, ಇಲ್ಲವೇ ವಿಮಾನದಲ್ಲಿ. ಕೆನಡಾದ ಯೂಕಾನ್ ಪ್ರದೇಶದ ಓಲ್ಡ್ ಕ್ರೋ ಎಂಬ ಗ್ವಿಚಿನ್ ಊರಿನಲ್ಲಿ ಇರುವವರು ಸುಮಾರು 250 ಜನ. ಅಲ್ಲಿಗೆ ರಸ್ತೆಯೇ ಇಲ್ಲ. ದೀಪ ಉರಿಯಬೇಕಾದರೆ ಎಣ್ಣೆ ಆಕಾಶದಿಂದ ಇಳಿಯಬೇಕು. 2021ರಲ್ಲಿ ಆ ಊರಿನವರು ತಮ್ಮದೇ ಒಡೆತನದ, 900 ಕಿಲೋವಾಟಿಗೂ ಮಿಕ್ಕಿದ ಸೌರಸ್ಥಾವರವನ್ನು ನಡೆಸತೊಡಗಿದರು. ಅಲಾಸ್ಕಾದ ಕಾಟ್ಸೆಬ್ಯೂ ಎಂಬಲ್ಲಿ ವಿದ್ಯುತ್ ಸಹಕಾರ ಸಂಘವೊಂದು 1997ರಿಂದಲೇ ಗಾಳಿಯಂತ್ರ ನಡೆಸಿಕೊಂಡು ಬಂದಿದೆ. ಇಂಥ ಊರಿನಲ್ಲಿ ಯಂತ್ರ ಕೆಟ್ಟರೆ ನಗರದಿಂದ ತಂತ್ರಜ್ಞ ಬರುವವರೆಗೆ ಕಾಯುವುದು ಸಾಧ್ಯವಿಲ್ಲ. ಹೊರಗೆ ಮೈನಸ್ ನಲವತ್ತು ಡಿಗ್ರಿ ಚಳಿ. ಊರಿನವರಲ್ಲೇ ಒಬ್ಬರಿಗೆ ಆ ಕೆಲಸ ಬರಬೇಕು. ತರಬೇತಿಯ ಅಗತ್ಯ ಹುಟ್ಟುವುದು ಅಲ್ಲಿ.

ಹಾಗಿದ್ದೂ ಅದನ್ನು ಮುಂದೂಡಿದ್ದು ತಪ್ಪಲ್ಲ. ಆ ಜನರಿಗೆ ಸಾಂಕ್ರಾಮಿಕವೆಂದರೆ ಪುಸ್ತಕದ ಮಾತಲ್ಲ. 1918ರ ನವೆಂಬರಿನಲ್ಲಿ ಅಲಾಸ್ಕಾದ ಬ್ರೆವಿಗ್ ಮಿಷನ್ ಎಂಬ ಪುಟ್ಟ ಊರಿನ 80 ಮಂದಿ ವಯಸ್ಕರಲ್ಲಿ 72 ಮಂದಿ ಐದು ದಿನಗಳಲ್ಲಿ ಇನ್‌ಫ್ಲುಯೆಂಜಾಕ್ಕೆ ಬಲಿಯಾದರು. ಹೊರಗಿನವನೊಬ್ಬ ಊರಿಗೆ ಬಂದರೆ ಏನಾದೀತು ಎಂಬುದನ್ನು ಅಂಥ ನೆಲ ಮರೆಯುವುದಿಲ್ಲ. ನಮ್ಮವರೂ ಇದನ್ನು ಕಂಡವರೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಮೈಸೂರು ಸಂಸ್ಥಾನದಲ್ಲಿ ಹರಡಿದ ಮೇಲೆ, ಇಲಿ ಬಿದ್ದ ಊರುಗಳನ್ನು ತೊರೆದು ಹೊಲದಂಚಿನಲ್ಲಿ ಗುಡಿಸಲು ಹಾಕಿಕೊಂಡವರ ಮೊಮ್ಮಕ್ಕಳು, ಮರಿಮಕ್ಕಳು ನಾವು. ಜೀವ ಮೊದಲು, ಪಾಠ ಆಮೇಲೆ. ಇದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಮುಂದೂಡಿದ್ದರ ಬಗ್ಗೆ ಅಲ್ಲ. ಹೊಸ ತಾರೀಖನ್ನು ಯಾರು, ಯಾವ ಪಂಚಾಂಗ ನೋಡಿ ಗೊತ್ತುಮಾಡುತ್ತಾರೆ ಎಂಬುದರ ಬಗ್ಗೆ.

ಕಚೇರಿಯ ಪಂಚಾಂಗದಲ್ಲಿ ಎಲ್ಲ ತಿಂಗಳುಗಳೂ ಒಂದೇ. ಏಪ್ರಿಲಿನಲ್ಲಿ ಆಗದ್ದು ನವೆಂಬರಿನಲ್ಲಿ ಆಗಬಹುದು. ಅನುದಾನದ ಹಣ ಮಾರ್ಚ್ 31ರೊಳಗೆ ಖರ್ಚಾದರೆ ಸರಿ. ಕಲಿಯುವವನ ಪಂಚಾಂಗ ಬೇರೆ. ಆರ್ಕ್‌ಟಿಕ್ ಊರುಗಳಲ್ಲಿ ಬೇಸಿಗೆಯೆಂದರೆ ಮೀನು ಹಿಡಿದು ಒಣಗಿಸುವ ಕಾಲ. ಕ್ಯಾರಿಬೂ ಹಿಂಡು ವಲಸೆ ಹೊರಟಾಗ ಓಲ್ಡ್ ಕ್ರೋದ ಜನ ವರ್ಷದ ಮಾಂಸವನ್ನು ಕೂಡಿಡಬೇಕು. ಕಟ್ಟಡದ ಕೆಲಸವೂ ನೆಲ ಮೆತ್ತಗಿರುವ ಆ ಕೆಲವೇ ವಾರಗಳಲ್ಲಿ ಮುಗಿಯಬೇಕು. ಇವೆಲ್ಲದರ ನಡುವೆ ಉಳಿಯುವ ಸಣ್ಣ ಬಿಡುವಿನಲ್ಲಿ ಮಾತ್ರ ಒಬ್ಬ ಮನುಷ್ಯ ಊರು ಬಿಟ್ಟು ಪಾಠಕ್ಕೆ ಹೋಗಬಲ್ಲ.

ನಮ್ಮ ಮಾಸಿಯ ತಂಗಿಯ ಮಗನ ಪಂಚಾಂಗವೂ ಅಷ್ಟೇ ಇಕ್ಕಟ್ಟಿನದು. ಏಪ್ರಿಲ್ 15ರಿಂದ ಜೂನ್ 14ರವರೆಗೆ ಪೂರ್ವ ಕರಾವಳಿಯ ಸಮುದ್ರದಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ; ದೋಣಿಗೆ ಹೋಗುವ ಹುಡುಗರಿಗೆ ಅದು ಸಂಪಾದನೆಯಿಲ್ಲದ ಬಿಡುವಿನ ಕಾಲ. ಜುಲೈ, ಆಗಸ್ಟಿನಲ್ಲಿ ಆಮನ್ ಭತ್ತದ ನಾಟಿ. ನವೆಂಬರ್, ಡಿಸೆಂಬರಿನಲ್ಲಿ ಕೊಯ್ಲು. ಜನವರಿ ನಡುವಿನಲ್ಲಿ ಗಂಗಾಸಾಗರ ಮೇಳದ ಕೂಲಿ. ಏಪ್ರಿಲಿನಲ್ಲಿ ತರಬೇತಿ ಇಟ್ಟವರು, ತಿಳಿದೋ ತಿಳಿಯದೆಯೋ, ಸರಿಯಾದ ತಿಂಗಳನ್ನೇ ಆರಿಸಿದ್ದರು.

ಏಪ್ರಿಲ್ ಸರಿಯೆನ್ನಲು ಇನ್ನೊಂದು ಕಾರಣವೂ ಇದೆ. ಬಂಗಾಳದ ಕರಾವಳಿಯನ್ನು ಬಡಿದ ದೊಡ್ಡ ಚಂಡಮಾರುತಗಳ ದಿನಾಂಕಗಳನ್ನು ನೋಡಿ: ಆಯಿಲಾ 2009ರ ಮೇ 25, ಅಂಫಾನ್ 2020ರ ಮೇ 20, ಯಾಸ್ 2021ರ ಮೇ 26, ರೆಮಾಲ್ 2024ರ ಮೇ 26. ನಾಲ್ಕೂ ಒಂದೇ ವಾರದೊಳಗೆ ಬಂದಿವೆ. ಗಾಳಿ ಬರುವ ಮುನ್ನ ಸೌರಫಲಕವನ್ನು ಬಿಚ್ಚಿ ಕೆಳಗಿಳಿಸುವುದು ಹೇಗೆ, ಬ್ಯಾಟರಿಯ ತಂತಿ ಕಳಚಿ ಎತ್ತರದಲ್ಲಿಡುವುದು ಹೇಗೆ, ಉಪ್ಪುನೀರು ನುಗ್ಗಿಹೋದ ಮೇಲೆ ಯಾವುದನ್ನು ಒಣಗಿಸಿ ಮತ್ತೆ ಜೋಡಿಸಬಹುದು, ಯಾವುದನ್ನು ಮುಟ್ಟಬಾರದು, ಇವೆಲ್ಲ ಆ ಒಂದು ತಿಂಗಳಲ್ಲಿ ಕಲಿಯಬಹುದಾದ ವಿದ್ಯೆ. ಅದು ಮೇ ನಡುವಿನೊಳಗೆ ಕೈಗೆ ಬಂದರೆ ಊರಿಗೆ ಉಪಯೋಗ. ನವೆಂಬರಿನಲ್ಲಿ ಕಲಿತದ್ದನ್ನು ಅದು ಬೇಕಾಗುವ ಹೊತ್ತಿಗೆ ಆರು ತಿಂಗಳು ಮುಟ್ಟದೆ ಇಟ್ಟಂತೆ. ಮುಂದೂಡಿದಾಗ ಪಾಠ ಬದಲಾಗುವುದಿಲ್ಲ ಎಂದು ನಾವು ಭಾವಿಸುತ್ತೇವೆ. ಋತು ತಪ್ಪಿದರೆ ಪಾಠವೇ ಬೇರೆಯಾಗುತ್ತದೆ.

ಅಂಫಾನ್ ಬಂದ ರಾತ್ರಿ ನಾವು ಟಾಲಿಗಂಜಿನಲ್ಲೇ ಇದ್ದೆವು. ಬೀದಿಯ ಮರಗಳು ತಂತಿಗಳನ್ನು ಎಳೆದುಕೊಂಡು ಉರುಳಿದವು. ಬಿದ್ದ ಮರಗಳನ್ನು ತೆರವುಗೊಳಿಸಲು ನಗರಕ್ಕೆ ಮೇ 23ರಂದು ಸೇನೆಯನ್ನೇ ಕರೆಸಬೇಕಾಯಿತು. ನಮ್ಮ ಓಣಿಗೆ ಐದನೆಯ ದಿನ ವಿದ್ಯುತ್ ಬಂತು. ಅಲ್ಲಿಯವರೆಗೆ ಪಂಪು ಇಲ್ಲ, ಆದ್ದರಿಂದ ಮೂರನೆಯ ಮಹಡಿಗೆ ನೀರಿಲ್ಲ. ಫೋನಿಗೆ ಚಾರ್ಜಿಲ್ಲ, ಆದ್ದರಿಂದ ಊರಿನ ಸುದ್ದಿಯಿಲ್ಲ. ರೋಗದ ಭಯದಿಂದ ಒಬ್ಬರಿಂದೊಬ್ಬರು ದೂರವಿರಬೇಕಾದ ಕಾಲದಲ್ಲಿ ಇಡೀ ಓಣಿ ಒಂದೇ ಕೈಪಂಪಿನ ಮುಂದೆ ಬಿಂದಿಗೆ ಹಿಡಿದು ನಿಂತಿತು. ಆ ಸಾಲಿನಲ್ಲಿ ವೈದ್ಯರಿದ್ದರು, ಪ್ರಾಧ್ಯಾಪಕರಿದ್ದರು, ಸಿನಿಮಾ ಸ್ಟುಡಿಯೋದಲ್ಲಿ ಕೆಲಸ ಮಾಡುವವರಿದ್ದರು. ಒಂದು ತಂತಿಯನ್ನು ಸುರಕ್ಷಿತವಾಗಿ ಕಳಚಿ ಜೋಡಿಸಬಲ್ಲವರು ಒಬ್ಬರೂ ಇರಲಿಲ್ಲ. ಮಹಾನಗರದ ನಡುವೆ ಐದು ದಿನ ನಾವೂ ಒಂದು ದ್ವೀಪವಾಗಿದ್ದೆವು. ಸುಂದರಬನದಲ್ಲಿ ಎಷ್ಟೋ ಕಡೆ ಆ ಐದು ದಿನ ವಾರಗಳಾಗಿ ಬೆಳೆದವು.

ಆ ದ್ವೀಪಗಳಿಗೆ ಇದೆಲ್ಲ ಹೊಸತಲ್ಲ ಎಂಬುದನ್ನೂ ಹೇಳಬೇಕು. ವಿದ್ಯುತ್ ಜಾಲ ನದಿ ದಾಟಿ ಬರುವ ಮುನ್ನವೇ, 1996ರಲ್ಲಿ, ಸಾಗರದ್ವೀಪದ ಕಮಲಪುರದಲ್ಲಿ 26 ಕಿಲೋವಾಟಿನ ಸೌರಸ್ಥಾವರ ಕೆಲಸ ಆರಂಭಿಸಿತ್ತು. ಮರುವರ್ಷ ಗೋಸಾಬಾದಲ್ಲಿ ಕಟ್ಟಿಗೆಯನ್ನು ಅನಿಲವಾಗಿಸಿ ವಿದ್ಯುತ್ ತೆಗೆಯುವ 500 ಕಿಲೋವಾಟಿನ ಘಟಕ ಬಂತು. ಅದನ್ನು ನಡೆಸುವ ಹೊಣೆ ಅಲ್ಲಿನವರದೇ ಒಂದು ಸಹಕಾರ ಸಂಘದ ಮೇಲಿತ್ತು. ಇಷ್ಟು ಮನೆಗೆ, ಸಂಜೆ ಇಷ್ಟು ಗಂಟೆ, ತಿಂಗಳಿಗೆ ಇಷ್ಟು ಹಣ ಎಂಬ ಲೆಕ್ಕವನ್ನು ಊರಿನವರೇ ಕೂತು ಮಾಡಿದ ಅನುಭವ ಅಲ್ಲಿದೆ. ಆಮೇಲೆ ಜಾಲದ ವಿದ್ಯುತ್ ಬಂತು. ಬಂದದ್ದು ಒಳ್ಳೆಯದೇ. ಆದರೆ ಜಾಲ ಬಂದ ಕಡೆಯಲ್ಲೆಲ್ಲ ಸ್ಥಳೀಯ ವಿದ್ಯೆ ಬೇಡವಾಯಿತು ಎಂಬ ಭಾವನೆಯೂ ಬಂತು. ಬಿರುಗಾಳಿ ಆ ಭಾವನೆಯನ್ನು ಸುಳ್ಳು ಮಾಡುತ್ತದೆ. ಕಂಬ ಉರುಳಿದ ಮರುದಿನ ಊರಿನ ಒಂದು ಮನೆಯಲ್ಲಾದರೂ ದೀಪ ಉರಿದರೆ, ಎಲ್ಲರ ಫೋನಿಗೂ ಜೀವ ಬಂದರೆ, ಅದು ಜಾಲದಿಂದಲ್ಲ. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನು ಹೊತ್ತುಹೊತ್ತಿಗೆ ಹಾಕಿ ಕಾಪಾಡಿಕೊಂಡ ಒಬ್ಬನಿಂದ.

ಆನ್‌ಲೈನಿನಲ್ಲಿ ಕಲಿಸಬಹುದಿತ್ತಲ್ಲ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಈ ಪ್ರಶ್ನೆಗೆ ನಮ್ಮಂಥವರೇ ಸ್ವಲ್ಪ ಹೊಣೆ. ಹೊರನಾಡಿನ ಕನ್ನಡ ಕೂಟಗಳಿಗೆ ಸಾಂಕ್ರಾಮಿಕ ಒಂದು ವಿಚಿತ್ರ ಲಾಭ ತಂದಿತು. ಇಪ್ಪತ್ತು ಜನ ಸೇರುವುದೇ ಹೆಚ್ಚೆನಿಸುತ್ತಿದ್ದ ತಿಂಗಳ ಓದಿನ ಗೋಷ್ಠಿಗಳು ಪರದೆಗೆ ಬಂದ ಮೇಲೆ ಧಾರವಾಡದವರೂ ಮಸ್ಕತ್ತಿನವರೂ ಸೇರಿಕೊಂಡರು. ಆ ವರ್ಷದ ರಾಜ್ಯೋತ್ಸವಗಳನ್ನು ಮನೆಯಲ್ಲೇ ಕೂತು ನೋಡಿದೆವು. ನಮ್ಮ ವಿದ್ಯೆ ಮಾತಿನದು, ಓದಿನದು. ಅದು ಪರದೆಯಲ್ಲಿ ಅಷ್ಟೇನೂ ಸೊರಗಲಿಲ್ಲ. ಅದರಿಂದ ಎಲ್ಲ ಕಲಿಕೆಯೂ ಹೀಗೆಯೇ ಸಾಗೀತು ಎಂದು ತೀರ್ಮಾನಿಸಿದೆವು. ನಮಗೆ ನಷ್ಟವಾಗದ್ದರಿಂದ ಬೇರೆಯವರ ನಷ್ಟ ಕಾಣಿಸಲಿಲ್ಲ.

ಕೈಯ ವಿದ್ಯೆಯ ದಾರಿ ಬೇರೆ. ನಟ್ಟನ್ನು ಎಷ್ಟು ಬಿಗಿ ಮಾಡಿದರೆ ಸಾಕು ಎಂಬುದನ್ನು ಮಣಿಕಟ್ಟು ಕಲಿಯಬೇಕು. ಬಿಸಿಯಾದ ತಂತಿಯ ವಾಸನೆಯನ್ನು ಮೂಗು ಗುರುತಿಸಬೇಕು. ಪಕ್ಕದಲ್ಲಿ ನಿಂತವರು "ತಡೆ, ಅದನ್ನು ಮುಟ್ಟಬೇಡ" ಎಂದು ಕೈ ಹಿಡಿಯಬೇಕು. ರಾಜಸ್ಥಾನದ ತಿಲೋನಿಯಾದ ಬೇರ್‌ಫುಟ್ ಕಾಲೇಜು ಅನೇಕ ದೇಶಗಳ ಹಳ್ಳಿಗಳಿಂದ ಬಂದ, ಓದುಬರಹ ಹೆಚ್ಚು ತಿಳಿಯದ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಹೆಂಗಸರಿಗೆ ಆರು ತಿಂಗಳಲ್ಲಿ ಸೌರದೀಪ ಜೋಡಿಸುವುದನ್ನು ಕಲಿಸಿದೆ. ಬಣ್ಣದ ಗುರುತು, ಕೈಸನ್ನೆ, ಮತ್ತೆ ಮತ್ತೆ ಮಾಡಿ ತೋರಿಸುವುದು ಅಲ್ಲಿನ ಪಾಠಕ್ರಮ. ಭಾಷೆಯಿಲ್ಲದೆಯೂ ಆ ಪಾಠ ನಡೆಯಿತು. ಒಟ್ಟಿಗೆ ಕೂರದೆ ನಡೆಯಲಾರದು.

ನಮ್ಮ ನಾಡಿನ ಉದಾಹರಣೆಗಳೂ ಇದನ್ನೇ ಹೇಳುತ್ತವೆ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿ ಕಟ್ಟಿದ ರುಡ್‌ಸೆಟ್ ಸಂಸ್ಥೆ, ಹಳ್ಳಿಯ ಯುವಕರನ್ನು ಅಲ್ಲೇ ಉಳಿಸಿಕೊಂಡು, ಊಟ ಹಾಕಿ ಕಸುಬು ಕಲಿಸಿತು. ಆ ಮಾದರಿ ಮುಂದೆ ದೇಶಕ್ಕೆಲ್ಲ ಹರಡಿತು. ಹರೀಶ್ ಹಂದೆಯವರು 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೊ, ಸೌರದೀಪ ಮಾರುವುದಕ್ಕಿಂತ ಅದನ್ನು ಸರಿಪಡಿಸುವವನು ಗಿರಾಕಿಯ ಮನೆಗೆ ಹತ್ತಿರವಿರಬೇಕು ಎಂಬುದಕ್ಕೆ ಒತ್ತು ಕೊಟ್ಟಿತು. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಹಳ್ಳದ ನೀರಿಗೆ ಪೈಪು ಹಾಕಿ ಒಂದು ಕಿಲೋವಾಟಿನ ಸಣ್ಣ ಟರ್ಬೈನ್ ತಿರುಗಿಸುತ್ತಾರೆ. ಆ ಯಂತ್ರ ಕೂರಿಸುವುದನ್ನು ಕಲಿಯಬೇಕಾದರೆ ಮಳೆಗಾಲದಲ್ಲೋ ಅದರ ಬೆನ್ನಿಗೋ ಹೋಗಬೇಕು. ಏಪ್ರಿಲಿಗೆ ಮುಂದೂಡಿದರೆ ಹಳ್ಳದಲ್ಲಿ ಕಲ್ಲು ಮಾತ್ರ ಇರುತ್ತದೆ. ಮಲೆನಾಡಿನ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾರ್ಯಕ್ರಮದ ಪಟ್ಟಿ ಬರೆಯುವವರಿಗೆ ವಿವರಿಸಬೇಕಾಗುತ್ತದೆ.

ಮಾಸಿಯ ತಂಗಿಯ ಮಗನಿಗೆ ಮತ್ತೆ ಕರೆ ಬಂದದ್ದು ಡಿಸೆಂಬರಿಗೆ. ಲೋಕಲ್ ರೈಲುಗಳು ನವೆಂಬರ್ 11ರಿಂದ ಮತ್ತೆ ಓಡತೊಡಗಿದ್ದವು, ಮಾಸಿಯೂ ಕೆಲಸಕ್ಕೆ ಮರಳಿದ್ದರು. ಈ ಬಾರಿ ಸಂದೇಶವನ್ನು ನನಗೆ ತೋರಿಸಲಿಲ್ಲ. ಅದರ ಅಗತ್ಯ ಇರಲಿಲ್ಲ. ಹುಡುಗ ಅಕ್ಟೋಬರಿನಲ್ಲೇ ಊರಿನ ಇತರರೊಡನೆ ಬೆಂಗಳೂರಿಗೆ ಹೊರಟುಹೋಗಿದ್ದ. ಅಂಫಾನಿನ ಉಪ್ಪುನೀರು ಗದ್ದೆಗೆ ನುಗ್ಗಿತ್ತು, ಕೊಯ್ಯಲು ಪೈರಿರಲಿಲ್ಲ, ಮನೆಯ ಮಾಡಿಗೆ ಮಾಡಿದ ಸಾಲ ಇತ್ತು. ವೈಟ್‌ಫೀಲ್ಡಿನ ಕಡೆ ಕಟ್ಟಡವೊಂದರಲ್ಲಿ ಕಬ್ಬಿಣ ಕಟ್ಟುವ ಕೆಲಸ. ಅವನ ಹೆಸರಿನ ಮುಂದೆ ತರಬೇತಿಯ ಪಟ್ಟಿಯಲ್ಲಿ ಗೈರುಹಾಜರಿ ಎಂದು ಬಿದ್ದಿರಬೇಕು. ಅವನು ಬರಲಿಲ್ಲ ಎಂದು ಆ ಪಟ್ಟಿ ಹೇಳುತ್ತದೆ. ಅವನು ಬರಬಹುದಾಗಿದ್ದ ತಿಂಗಳು ಯಾವುದೆಂದು ಯಾರೂ ಕೇಳಿರಲಿಲ್ಲ ಎಂಬುದು ಅದರಲ್ಲಿ ಇರುವುದಿಲ್ಲ.

ಹಾಗಾದರೆ ಮಾಡಬಹುದಿತ್ತು ಏನು? ನಾನು ಆಡಳಿತಗಾರನಲ್ಲ, ಆದರೂ ನಾಲ್ಕು ಮಾತು ಹೇಳಬಹುದು. ಮೊದಲನೆಯದು, ಹೊಸ ತಾರೀಖು ಗೊತ್ತುಮಾಡುವ ಮುನ್ನ ಕಲಿಯುವವರಿಗೆ ಅವರ ಭಾಷೆಯಲ್ಲಿ ಒಂದು ಫೋನ್ ಕರೆ. ಇಪ್ಪತ್ತೈದು ಜನರ ತಂಡಕ್ಕೆ ಅದು ಅರ್ಧ ದಿನದ ಕೆಲಸ. ಎರಡನೆಯದು, ಪಾಠವನ್ನು ಎರಡಾಗಿ ಒಡೆಯುವುದು: ಮಾತಿನಲ್ಲಿ ಹೇಳಬಹುದಾದ ಭಾಗವನ್ನು ಕಾಯುವ ತಿಂಗಳುಗಳಲ್ಲಿ ಫೋನಿನ ಮೂಲಕ ನಡೆಸಿ, ಒಂದು ಮಲ್ಟಿಮೀಟರ್, ಒಂದು ಸಣ್ಣ ಫಲಕ, ನಾಲ್ಕು ಉಪಕರಣಗಳನ್ನು ಮನೆಗೇ ಕಳುಹಿಸುವುದು, ಕೈಯ ಭಾಗಕ್ಕೆ ಮಾತ್ರ ಮುಖಾಮುಖಿ ಕಾಲವನ್ನು ಉಳಿಸಿಕೊಳ್ಳುವುದು. ಮೂರನೆಯದು, ಮುಂದೂಡಿದವರು ಮಾತು ಉಳಿಸಿಕೊಳ್ಳುವುದು. ಆ ಹುಡುಗನ ಸ್ಥಾನ ಮುಂದಿನ ಏಪ್ರಿಲಿನವರೆಗೂ ಅವನದೇ ಎಂದು ಬರೆದುಕೊಟ್ಟಿದ್ದರೆ, ಆ ತಿಂಗಳ ಕೂಲಿಯ ಒಂದು ಪಾಲನ್ನಾದರೂ ಭತ್ಯೆಯಾಗಿ ಕೊಡುತ್ತೇವೆಂದಿದ್ದರೆ, ಅವನು ಬೆಂಗಳೂರಿನಿಂದಲೂ ಹಿಂದಿರುಗಿಯಾನು. ನಾಲ್ಕನೆಯದು, ಹಿಂದಿನ ತಂಡಗಳಲ್ಲಿ ಕಲಿತವರನ್ನೇ ಮೇಷ್ಟ್ರನ್ನಾಗಿ ಮಾಡುವುದು. ನಗರದಿಂದ ಯಾರೂ ಬರಲಾಗದ ಕಾಲದಲ್ಲಿ ಪಕ್ಕದ ದ್ವೀಪದವನು ದೋಣಿ ದಾಟಿ ಬರಬಲ್ಲ. ಕಮಲಪುರ, ಗೋಸಾಬಾಗಳಲ್ಲಿ ಯಂತ್ರ ನಡೆಸಿದ ಹಳಬರು ಎಲ್ಲಿದ್ದಾರೆಂದು ಹುಡುಕುವುದು ಒಂದು ಹೊಸ ಕಟ್ಟಡ ಕಟ್ಟುವುದಕ್ಕಿಂತ ಅಗ್ಗ.

ಇದಕ್ಕೆಲ್ಲ ಹಣ ಬೇಕು, ಆ ಗಡಿಬಿಡಿಯ ಕಾಲದಲ್ಲಿ ಯಾರಿಗೆ ಇಷ್ಟು ವ್ಯವಧಾನವಿತ್ತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆಸ್ಪತ್ರೆಯ ಹಾಸಿಗೆ ಸಿಗದ ದಿನಗಳಲ್ಲಿ ತರಬೇತಿಯ ತಾರೀಖು ಸಣ್ಣ ಸಂಗತಿ. ಆದರೆ ಈಗ ಆ ಗಡಿಬಿಡಿ ಇಲ್ಲ, ನಿಯಮಗಳನ್ನು ತಿದ್ದಿಕೊಳ್ಳಲು ಕಾಲವಿದೆ. ಮುಂದಿನ ತಡೆ ರೋಗದಿಂದಲೇ ಬರಬೇಕೆಂದಿಲ್ಲ. ನೆರೆಯಿಂದ ಬಂದೀತು, ಚುನಾವಣೆಯ ನೀತಿಸಂಹಿತೆಯಿಂದ ಬಂದೀತು, ಬೇಸಿಗೆಯ ಬಿಸಿಗಾಳಿಯಿಂದ ಬಂದೀತು. ಕಾರ್ಯಕ್ರಮಗಳು ಮುಂದೆ ಹೋಗುತ್ತಲೇ ಇರುತ್ತವೆ. ಹೋಗುವಾಗ ಯಾರನ್ನು ಕೇಳಿ ಹೋಗುತ್ತವೆ ಎಂಬುದನ್ನಾದರೂ ನಾವು ಈಗಲೇ ಗೊತ್ತುಮಾಡಿಕೊಳ್ಳಬಹುದು.

ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರು ಇಂಥ ಪಟ್ಟಿಗಳನ್ನು ಬರೆಯುವ ಕಡೆಯಲ್ಲೇ ಕೆಲಸ ಮಾಡಿದವರು, ಮಾಡುತ್ತಿರುವವರು: ಬ್ಯಾಂಕಿನಲ್ಲಿ, ವಿಶ್ವವಿದ್ಯಾಲಯದಲ್ಲಿ, ಸರ್ಕಾರಿ ಇಲಾಖೆಯಲ್ಲಿ, ಕಂಪನಿಗಳ ಸಮಾಜಸೇವಾ ವಿಭಾಗದಲ್ಲಿ. ಮುಂದೂಡುವ ಆದೇಶಕ್ಕೆ ಸಹಿ ಹಾಕಿದ ಕೈಗಳಲ್ಲಿ ಕೆಲವು ನಮ್ಮವೂ ಇರಬಹುದು. ನಾನೂ ಮಾಸಿಗೆ ಆ ಸಂದೇಶದ ಅರ್ಥ ಹೇಳಿ, ನನ್ನ ಕೆಲಸ ಮುಗಿಯಿತೆಂದುಕೊಂಡೆ. ಅವರು ಕೇಳಿದ ಪ್ರಶ್ನೆಯನ್ನು ಸಂದೇಶ ಕಳುಹಿಸಿದವರಿಗೆ ಇಂಗ್ಲಿಷಿನಲ್ಲಿ ಬರೆದು ತಿಳಿಸುವುದು ನನ್ನಿಂದ ಆಗುವಂಥದೇ ಆಗಿತ್ತು. ಹತ್ತು ನಿಮಿಷದ ಕೆಲಸ. ಮಾಡಲಿಲ್ಲ.